ಎದೆಯೊಳಗಿನ ಬೀಸುವ ಕಲ್ಲು

ಗರಗರನೆ ತಿರುಗುತ್ತಿದ್ದ ರಾಗಿ ಬೀಸುವ ಕಲ್ಲಿನ ಸದ್ದು ನಡುವೆಯೇ ನಿಂತಿತೆಂದರೆ, ಚಿಕ್ಕಮ್ಮನಿಗೆ ಉಸಿರು ಸಾಲದಾಯಿತೆಂದು ಸೂಲಿಬೆಲೆಯ ನಮ್ಮ ಮನೆಯಲ್ಲಿ ಎಲ್ಲರಿಗೂ ತಿಳಿಯುತ್ತಿತ್ತು. ನಲವತ್ತರ ದಶಕದ ಒಂದು ಬೇಸಿಗೆಯಲ್ಲಿ, ಹಾರ್ಟ್ ಪೇಷಂಟ್‌ಗಳ ಮೇಲೆ ರಿಸರ್ಚ್ ಮಾಡುತ್ತಿದ್ದ ಇಂಗ್ಲಿಷ್ ಲೇಡಿ ಡಾಕ್ಟರೊಬ್ಬರು ಅವಳನ್ನು ನೋಡಲು ಬಂದರು. ಕಾನ್ವೆಂಟಿನಿಂದ ರಜೆಗೆ ಬಂದಿದ್ದ ನಾನೇ ಅವರಿಗೆ ಇಂಟರ್‌ಪ್ರಿಟರ್.

“ಇದ್ರಿಂದ ನಂಗೆ ವಾಸಿ ಆಯ್ತದಾ, ಕೇಳವ್ವ” ಎಂದಳು ಚಿಕ್ಕಮ್ಮ.

ಡಾಕ್ಟರು ಸುಳ್ಳು ಹೇಳಲಿಲ್ಲ. ಅವಳಿಗಲ್ಲ, ಮುಂದೆ ಬೇರೆಯವರಿಗೆ ಆಗಬಹುದು, ಪರ್ಹ್ಯಾಪ್ಸ್, ಎಂದರು. ಡಾಕ್ಟರು ಚಾಪೆ ತೋರಿಸಿ ಮಲಗಲು ಹೇಳಿದಾಗ ಚಿಕ್ಕಮ್ಮ ನಕ್ಕುಬಿಟ್ಟಳು.

“ನಾನು ಮಲಿಕ್ಕಂಡ್ರೆ ಈ ಕಾಯ್ಲೇನೂ ಮಲಿಕ್ಕಂತದೆ. ರಾಗಿ ಬೀಸ್ತೀನಿ, ಪಕ್ಕದಾಗೆ ಕೂತ್ಕಂಡು ಕೇಳಕ್ಕೇಳು.”

ಡಾಕ್ಟರು ಫ್ರಾಕ್ ಮಡಚಿಕೊಂಡು ನೆಲದ ಮೇಲೆ ಕೂತರು. ಕಲ್ಲು ನಿಂತೊಡನೆ ಅವಳ ಎದೆಗೆ ಸ್ಟೆತಾಸ್ಕೋಪ್ ಇಟ್ಟು, ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಅದನ್ನು ಚಿಕ್ಕಮ್ಮನ ಕಿವಿಗೇ ಸಿಕ್ಕಿಸಿದರು.

“ಅಯ್ಯೋ, ಒಳಗೂ ಯಾರೋ ಬೀಸ್ತಾವ್ರಲ್ಲೇ!”

ರಜೆ ಮುಗಿದು ನಾನು ಜಟಕಾ ಹತ್ತುವಾಗ, ಚಿಕ್ಕಮ್ಮ ನನ್ನ ಅಂಗೈಯನ್ನು ಎದೆಗೆ ಒತ್ತಿಕೊಂಡು, “ಇನ್ನೂ ಬೀಸ್ತಾನೇ ಅವ್ರೆ, ಹೋಗ್ಬಾ” ಎಂದಳು. ನಾನು ಅವಳನ್ನು ಕಂಡದ್ದು ಅದೇ ಕೊನೆ.