ಹಳೆ ನಕ್ಷೆಗಳ ಪಾಲಿನ ಕತ್ತರಿ ಅಕ್ಕ

ಬೆಳಗಿನ ಆರು ಗಂಟೆ. ಕ್ರೇನ್ ಕಾರ್ಖಾನೆಯ ಯಂತ್ರಗಳಿನ್ನೂ ಆಕಳಿಸುತ್ತಿವೆ. ಆಗ ಬರುತ್ತಾರೆ ಕತ್ತರಿ ಅಕ್ಕ. ಅವರ ಚಪ್ಪಲಿ ಸದ್ದಿಗೆ ಲೇತ್ ಯಂತ್ರವೂ ಬೆವರುತ್ತದೆ. ಸುಳ್ಳಾದರೆ ನನ್ನ ಅರ್ಧ ಮೀಸೆ ಬೋಳಿಸಿ! ಯಂತ್ರಗಳ ಬೆನ್ನಿಗೆ ಕೆಲಸಗಾರರು ಅಂಟಿಸಿಕೊಂಡ ನಕ್ಷೆಗಳನ್ನು ಒಂದೊಂದಾಗಿ ನೋಡುತ್ತಾರೆ. ಮೂಲೆಯಲ್ಲಿರುವ ತಿದ್ದುಪಡಿಯ ಅಕ್ಷರ ಹಳೆಯದೋ, ಕರಕ್! ಹೊಲಿಗೆ ಹೊಲಿದು ಅಕ್ಕನನ್ನು ಸಾಕಿದ ಅಮ್ಮನ ಕತ್ತರಿ ಅದನ್ನು ಎರಡು ಹೋಳು ಮಾಡುತ್ತದೆ.

“ಅಕ್ಕಾ, ಅದು ಬಾಯಿಪಾಠ ಆಗಿತ್ತು,” ಎಂದು ಡ್ರಿಲ್ಲಿಂಗ್ ಯಂತ್ರದವನು ಗೋಗರೆಯುತ್ತಾನೆ.

“ಅದೇ ನಿನ್ನ ರೋಗ. ಮರ್ತು ಹೊಸದು ಓದು.”

ಅಕ್ಕ ಹತ್ತೊಂಬತ್ತು ವರ್ಷದ ಹಿಂದೆ ನಕ್ಷೆಯ ಸುರುಳಿ ಹೊತ್ತು ಮಹಡಿ ಹತ್ತಿಳಿಯುವ ಕೆಲಸಕ್ಕೆ ಸೇರಿದವರು. ಆ ಮೆಟ್ಟಿಲುಗಳನ್ನು ಸಾಲಾಗಿ ಜೋಡಿಸಿದ್ದರೆ ಚಂದ್ರನವರೆಗೆ ಹೋಗಿ ಬರಬಹುದಿತ್ತು. ಈಗ ಕಂಪ್ಯೂಟರಿನಲ್ಲಿ ಹನ್ನೊಂದು ಸಾವಿರ ನಕ್ಷೆಗಳಿಗೆ ಅವರೊಬ್ಬರೇ ಕಾವಲು. ತಿದ್ದಿದಾಗಲೆಲ್ಲ ಎ ಹೋಗಿ ಬಿ, ಬಿ ಹೋಗಿ ಸಿ; ಒಪ್ಪಿಗೆಯಾದದ್ದಕ್ಕೆ ಬೀಗ. ನಕ್ಷೆಯ ಕಡತಕ್ಕೂ ಖರೀದಿಯವರು ನೋಡುವ ಬಿಡಿಭಾಗದ ದಾಖಲೆಗೂ ಅಕ್ಷರ ಒಟ್ಟಿಗೇ ಬದಲಾಗಬೇಕು. ದಿನಕ್ಕೆ ನಲವತ್ತು ತಿದ್ದುಪಡಿ.

“ಕಡತ ಮಾತ್ರ ಬದಲಾಯ್ಸಿದ್ರೆ, ಗಂಡ ಹೊಸ ಮನೆಗೆ ಹೋಗಿ ಹೆಂಡ್ತಿಗೆ ಹಳೇ ವಿಳಾಸ ಕೊಟ್ಟ ಹಾಗೆ. ಖರೀದಿಯವ್ರು ಹಳೇದನ್ನೇ ತರಿಸ್ತಾರೆ,” ಎನ್ನುತ್ತಾರೆ ಅಕ್ಕ.

ಕಳೆದ ವಾರ ಮಗಳ ಬಾಣಂತನಕ್ಕೆಂದು ಎರಡು ದಿನ ರಜೆ ಹಾಕಿದ್ದೇ ತಡ, ಎಡವಟ್ಟಾಯಿತು. ಕೊಕ್ಕೆ ಹಿಡಿಯುವ ತಟ್ಟೆಯ ನಕ್ಷೆಯನ್ನು ಸಿ ಮಾಡಿ ಹೋಗಿದ್ದರು. ಪಿನ್ನು ಕೂರುವ ತೂತು ನಲವತ್ತು ಮಿಲಿಮೀಟರ್. ಡ್ರಿಲ್ಲಿಂಗ್‌ನವನ ಪೆಟ್ಟಿಗೆಯ ಮುಚ್ಚಳದೊಳಗೆ ಹಳೆಯ ಬಿ ಉಳಿದಿತ್ತು, ಅದರಲ್ಲಿ ನಲವತ್ತೆರಡು. ಅದನ್ನು ನೋಡಿಕೊಂಡು ಅವನು ಅರವತ್ತು ತಟ್ಟೆ ಕೊರೆದುಬಿಟ್ಟ.

ಅಕ್ಕ ರಜೆ ಮುಗಿಸಿ ಬಂದೊಡನೆ ಉತ್ಪಾದನಾ ಮುಖ್ಯಸ್ಥರು ಅವರ ಮೇಜಿಗೇ ಬಂದರು. “ಬೀಗ ತೆಗ್ದು ಸಿಯಲ್ಲೇ ನಲವತ್ತೆರಡು ಅಂತ ಹಾಕಮ್ಮ. ಅಕ್ಷರ ಬದಲಾಯಿಸ್ಬೇಡ. ಯಾರಿಗೂ ಗೊತ್ತಾಗಲ್ಲ.”

“ನಂಗೆ ಗೊತ್ತಾಗತ್ತಲ್ಲ ಸಾರ್. ಬೇಕಿದ್ರೆ ಡಿ ಬೇಕು ಅಂತ ಬರ್ಕೊಡಿ. ವಿನ್ಯಾಸದವ್ರು ರುಜು ಹಾಕ್ಲಿ.”

“ನಾಳೆ ಲಾರಿ ಹೊರಡ್ಬೇಕು! ನಿನ್ನನ್ನ ಉಗ್ರಾಣಕ್ಕೆ ಎತ್ತಿ ಹಾಕಿಸ್ತೀನಿ!”

“ಹಾಕ್ಸಿ. ಅಲ್ಲಿಗೂ ಕತ್ತರಿ ತಗೊಂಡೇ ಹೋಗ್ತೀನಿ.”

ಹಲ್ಲು ಕಡಿಯುತ್ತ ಮುಖ್ಯಸ್ಥರು ಡಿ ಕೋರಿಕೆ ಬರೆದರು. ಆ ಹಲ್ಲಿನ ಸದ್ದು ಮೂರು ಬೀದಿಗೆ ಕೇಳಿಸಿತು. ವಿನ್ಯಾಸಗಾರ ಲೆಕ್ಕ ಹಾಕಿ ಅಡ್ಡಡ್ಡ ತಲೆಯಾಡಿಸಿದ: “ಪಿನ್ನು ಅಲ್ಲಾಡತ್ತೆ. ಕೊಕ್ಕೆ ಕೆಳಗೆ ಜನ ನಿಂತಿರ್ತಾರೆ ಸಾರ್.” ಅರವತ್ತೂ ಗುಜರಿಗೆ. ಲಾರಿ ಐದು ದಿನ ತಡ.

ಅಕ್ಕನಿಗೆ ಬಹುಮಾನವೇನು? ಒಂದು ಮೆಮೊ: ಮೇಲಧಿಕಾರಿಯ ಮಾತು ಮೀರಿದ್ದಾರೆ. ಉಗ್ರಾಣಕ್ಕೆ ವರ್ಗವೋ ಇಲ್ಲವೋ, ಸೋಮವಾರ ತೀರ್ಮಾನ.

“ಆ ಬಿ ನನ್ನ ಕತ್ತರಿಯಿಂದ ತಪ್ಪಿಸ್ಕೊಂಡ ಹಾಳೆ. ಅಷ್ಟು ತಪ್ಪು ನಂದು, ಬರ್ದು ಕೊಟ್ಟಿದೀನಿ,” ಎನ್ನುತ್ತಾರೆ.

“ಹಾಗಾದ್ರೆ ಆ ಮೆಮೊ?” ಎಂದು ಕೇಳುತ್ತೇನೆ. ಅಕ್ಕ ಕಂಪ್ಯೂಟರ್ ಪರದೆಯನ್ನು ನನ್ನತ್ತ ತಿರುಗಿಸುತ್ತಾರೆ. ಮೆಮೊಗೂ ಒಂದು ಸಂಖ್ಯೆ, ಪಕ್ಕದಲ್ಲಿ ಎ, ಅದರ ಮೇಲೆ ಬೀಗ.

“ಸಾರ್ ಮನಸ್ಸು ಬದಲಾದ್ರೆ ಬಿ ಅಂತ ಹೊಸದು ಬರೀಲಿ. ಎ ಮಾತ್ರ ಅಳಿಸೋಕೆ ಬಿಡಲ್ಲ.”