ಜಾರುವ ಊರಿನ ಚರಿತ್ರೆ

ಹಿಮದ ಮೇಲೆ ಜಾರುವವರ ಚಿತ್ರ ಕಂಡರೆ ನನಗೆ ಹೊಟ್ಟೆಕಿಚ್ಚು. ನಾನು ಹಿಮ ಕಂಡಿರುವುದು ದೋಹಾದ ಅಲ್ ಮುಂತಜಾ ಬಡಾವಣೆಯ ನಮ್ಮ ಫ್ಲಾಟಿನ ಹಳೆಯ ಫ್ರೀಜರಿನೊಳಗೆ ಮಾತ್ರ. ಅದನ್ನು ಚಮಚದಿಂದ ಕೆರೆದು ತೆಗೆಯುವ ಕೆಲಸವೂ ನನ್ನದೇ. ಜಾರಿದ ಅನುಭವ ಮಾತ್ರ ಧಾರಾಳವಾಗಿದೆ. ಚಿಕ್ಕಂದಿನಲ್ಲಿ ಕಾರ್ಕಳದಲ್ಲಿ ಅಡಿಕೆಹಾಳೆಯ ಮೇಲೆ ಕುಳಿತು, ಒಣಗಿದ ಮುಳಿಹುಲ್ಲಿನ ಗುಡ್ಡದಿಂದ ಸರ್ರನೆ ಇಳಿಯುತ್ತಿದ್ದೆ. ಮನೆಗೆ ಬಂದ ಮೇಲೆ ಚಡ್ಡಿಯೇ ಸಾಕ್ಷಿ ಹೇಳುತ್ತಿತ್ತು.

ಇಂಥವನನ್ನು ಜಾರಾಟದ ಊರೊಂದರ ಚರಿತ್ರಕಾರನನ್ನಾಗಿ ಮಾಡಿದವಳು ಮಗಳು ಸಾನ್ವಿ. ದೋಹಾದ ಕನ್ನಡಿಗರು ಮಕ್ಕಳಿಗೆ 'ನಮ್ಮೂರಿನ ಚರಿತ್ರೆ' ಎಂಬ ಪ್ರಬಂಧ ಸ್ಪರ್ಧೆ ಇಟ್ಟಿದ್ದರು. ಹನ್ನೊಂದು ವರ್ಷದ ಅವಳಿಗೆ ಕನ್ನಡ ಮಾತು ಹೇಗೋ ಬರುತ್ತದೆ, ಬರವಣಿಗೆ ಬಾರದು. ಮಕ್ಕಳು ಹೇಳಿದ್ದನ್ನು ಹೆತ್ತವರು ಬರೆದುಕೊಡಬಹುದು ಎಂಬ ರಿಯಾಯಿತಿ ಇತ್ತು. ನಾನು ಮೊದಲೇ ಕಾಗದದ ನೆತ್ತಿಯಲ್ಲಿ 'ಕಾರ್ಕಳ' ಎಂದು ದುಂಡಗೆ ಬರೆದು, ಗೊಮ್ಮಟ, ಆನೆಕೆರೆಗಳನ್ನೆಲ್ಲ ಮನಸ್ಸಿನಲ್ಲಿ ಸಾಲಾಗಿ ನಿಲ್ಲಿಸಿಕೊಂಡು ಕೂತೆ.

“ಕಾರ್ಕಳ ಅಲ್ಲ ಪಪ್ಪಾ, ನಮ್ಮ ಸ್ಯಾಂಡ್ ಹಿಲ್ ಬರೀರಿ,” ಎಂದಳು.

ಸಂಕಟವಾಯಿತು. ಕಾರ್ಕಳ ಅವಳ ಊರಲ್ಲದಿದ್ದರೆ ಇಷ್ಟು ವರ್ಷ ರಜೆ ರಜೆಗೂ ನಾನು ಅವಳನ್ನು ಕರೆದೊಯ್ದದ್ದು ಎಲ್ಲಿಗೆ?

ಸ್ಯಾಂಡ್ ಹಿಲ್ ಎಂದರೆ ಮೆಸಯೀದ್ ಪಟ್ಟಣ ದಾಟಿದ ಮೇಲೆ ಸಿಗುವ ಒಂದು ಮರಳುಗುಡ್ಡ. ಚಳಿಗಾಲದ ಶುಕ್ರವಾರಗಳಲ್ಲಿ ನಾನು, ಹೆಂಡತಿ, ಸಾನ್ವಿ ಮೂವರೂ ಅಲ್ಲಿಗೆ ಹೋಗುತ್ತೇವೆ. ಊರುಗಳು ನದಿಯಿಂದ, ಬಂದರಿನಿಂದ, ದೇವಸ್ಥಾನದಿಂದ ಹುಟ್ಟುತ್ತವೆ ಎಂದು ನಾವು ಶಾಲೆಯಲ್ಲಿ ಓದಿದ್ದು. ಜಾರಾಟದ ಊರು ಹುಟ್ಟುವುದು ಯಾರಾದರೊಬ್ಬ ಬೀಳುವುದರಿಂದ. ಬಿದ್ದವನನ್ನು ನೋಡಿ ನಗಲು ನಾಲ್ಕು ಜನ ಸೇರುತ್ತಾರೆ, ನಕ್ಕವರಿಗೆ ಚಹಾ ಬೇಕಾಗುತ್ತದೆ. ಹಿಮದ ದೇಶಗಳಲ್ಲೂ ಹೀಗೇ ಆಗಿರಬೇಕು.

“ಫಸ್ಟ್ ಹಮೀದಂಕಲ್ ಟೀ ಟೆಂಟ್ ಮಾತ್ರ ಇತ್ತು,” ಸಾನ್ವಿ ಹೇಳುತ್ತಾ ಹೋದಳು. “ನೀವು ಕಾರ್ಟನ್ ಮೇಲೆ ಕೂತು ಬಿದ್ರಿ. ಆಮೇಲೆ ಜಾರೋ ಬೋರ್ಡ್ ಬಂತು, ಆಮೇಲೆ ಒಂಟೆ, ಆಮೇಲೆ ಬಾತ್‌ರೂಮ್.”

ಊರಿನ ಸ್ಥಾಪಕನ ಪಟ್ಟ ಹೀಗೆ ನನಗೇ ಬಂತು.

ಚಹಾ ಟೆಂಟಿನ ಹಮೀದ್ ಬ್ಯಾರಿ ಉಪ್ಪಿನಂಗಡಿಯವರು. ಬೇಸಿಗೆ ಬರುತ್ತಲೇ ಟೆಂಟುಗಳೆಲ್ಲ ಮಡಚಿಕೊಳ್ಳುತ್ತವೆ, ಊರೇ ಇಲ್ಲವಾಗುತ್ತದೆ. ಮತ್ತೆ ಚಳಿಗೆ ಹೋದರೆ ಗಾಳಿ ಗುಡ್ಡವನ್ನು ಸರಿಸಿರುತ್ತದೆ, ಹೋದ ವರ್ಷ ಚಹಾ ಕುಡಿದ ಜಾಗ ಮರಳಿನಡಿ ಮಲಗಿರುತ್ತದೆ. ಹಮೀದಣ್ಣನಿಗೆ ಬೇಸರವೇ ಇಲ್ಲ. “ಗುಡ್ಡ ಈಚೆ ಬಂತು ಮಾರಾಯ್ರೆ, ನಾವು ಸ್ವಲ್ಪ ಆಚೆ ಹೋಗುದು. ಖಲಾಸ್!”

ಸಂಜೆ ಹೊತ್ತು ನಾನು ಗುಡ್ಡದ ನೆತ್ತಿಯಲ್ಲಿ ಅಂಗಾತ ಮಲಗುತ್ತೇನೆ. ಮಕ್ಕಳು ಜಾರಿದಂತೆಲ್ಲ ಮರಳು ಒಳಗಿನಿಂದ ಗುಂಯ್ ಎಂದು ಹಾಡುತ್ತದೆ. ಆಚೆ ಕಡಲು, ಈಚೆ ಬಿಳಿಯ ಟೆಂಟುಗಳು. ಅರ್ಧ ಮುಚ್ಚಿದ ಕಣ್ಣಿಗೆ ಅವು ಹಿಮ ಹೊದ್ದ ಮನೆಗಳಂತೆ ಕಾಣುತ್ತವೆ. ತುಸು ಜೊಂಪು ಹತ್ತಿದರೆ ನಾನು ಯಾವ ದೇಶದಲ್ಲಿದ್ದೇನೆ, ನನಗೆಷ್ಟು ವಯಸ್ಸು ಎಂಬುದೂ ಮರೆತುಹೋಗುತ್ತದೆ. ಆ ಮರೆವು ನನಗೆ ಬಹಳ ಇಷ್ಟ.

ಆದರೂ ಸಾನ್ವಿಯನ್ನು ಕೇಳಿಯೇಬಿಟ್ಟೆ: “ಕಾರ್ಕಳದಲ್ಲಿ ಏನು ಕಮ್ಮಿಯಾಯ್ತು ನಿಂಗೆ?”

“ಕಾರ್ಕಳ ನೈಸ್ ಪಪ್ಪಾ. ಬಟ್ ಅಲ್ಲಿ ಎಲ್ರೂ 'ಯಾವಾಗ ಬಂದದ್ದು, ಯಾವಾಗ ಹೋಗುದು' ಅಂತ ಕೇಳ್ತಾರೆ. ಸ್ಯಾಂಡ್ ಹಿಲ್‌ನಲ್ಲಿ ಯಾರೂ ಕೇಳುದಿಲ್ಲ.”

ಪ್ರೀತಿಯಿಂದಲೇ ಕೇಳುವ ಪ್ರಶ್ನೆ ಅದು. ಬ್ಯಾಗು ಕೆಳಗಿಡುವ ಮೊದಲೇ ಪಕ್ಕದ ಮನೆಯವರು ಕೇಳುತ್ತಾರೆ, ಮೀನಿನವಳು ಕೇಳುತ್ತಾಳೆ, ಅಮ್ಮನೂ ಕೇಳುತ್ತಾಳೆ. ಇಪ್ಪತ್ತು ವರ್ಷದಿಂದ ನಾನು ನಗುನಗುತ್ತಾ ಹೊರಡುವ ತಾರೀಕು ಹೇಳುತ್ತಲೇ ಬಂದಿದ್ದೇನೆ. ಇದು ನೆಂಟರನ್ನು ಕೇಳುವ ಪ್ರಶ್ನೆ ಎಂದು ನನಗೆ ಹೊಳೆದಿರಲೇ ಇಲ್ಲ.

'ಕಾರ್ಕಳ'ವನ್ನು ಹೊಡೆದುಹಾಕಿದೆ. ಅದರ ಪಕ್ಕದಲ್ಲಿ 'ಸ್ಯಾಂಡ್ ಹಿಲ್' ಎಂದು ದುಂಡಗೆ ಬರೆದೆ. ಅವಳು ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆದೆ. ವರ್ಷದ ಅರ್ಧ ಇರುವ, ಇನ್ನರ್ಧ ಇಲ್ಲದ ಊರು. ಇರಲಿ, ನಮ್ಮ ಮನೆಯ ಮೂವರಲ್ಲಿ ಒಬ್ಬಳಿಗಾದರೂ ಒಂದು ಊರಾಯಿತಲ್ಲ.