ಮೊದಲ ಜಾಗದ ತಾತ

ನಮ್ಮ ಚಿಕ್ಕಮಾವ ಲಿಫ್ಟ್ ಮೆಕ್ಯಾನಿಕ್. ಅದೇ ಕಂಪನಿಯ ಆಫೀಸಿನಲ್ಲಿ ಕಂಪ್ಲೇಂಟ್ ಫೋನುಗಳನ್ನು ಎತ್ತುವವಳು ನಾನು, ಅವರ ಅಕ್ಕನ ಮಗಳು. ಚಿಕ್ಕಮಾವ ಯಾವುದಾದರೂ ಕಟ್ಟಡದ ನೆತ್ತಿಯ ಮೇಲಿನ ಮೋಟಾರು ಕೋಣೆಯಲ್ಲಿ ಡಬ್ಬಿ ಬಿಚ್ಚಿ ಕೂತರೆಂದರೆ ಒಂದು ಕೈಯಲ್ಲಿ ಊಟ, ಇನ್ನೊಂದರಲ್ಲಿ ಫೋನು. ಫೋನಿನಲ್ಲಿ ಬೇಸ್‌ಬಾಲ್. ಆಡುವುದಲ್ಲ, ಆಡಿಸುವುದು. ಒಂಬತ್ತು ದಾಂಡಿಗರಲ್ಲಿ ಯಾರ ಹಿಂದೆ ಯಾರು ಎಂದು ಪಟ್ಟಿ ಹಾಕಿ ದಿನಾ ಮಧ್ಯಾಹ್ನ ಹನ್ನೆರಡರೊಳಗೆ ಕಳಿಸಬೇಕು. ಒಂದು ಗಂಟೆಗೆ ಕಂಪ್ಯೂಟರೇ ಪಂದ್ಯ ಆಡಿ ಮುಗಿಸುತ್ತದೆ. ಇಷ್ಟಕ್ಕೆ ಐವತ್ತು ದಾಟಿದ ಮನುಷ್ಯ ಬೆಳಗ್ಗೆಯಿಂದ ತಲೆ ಕೆರೆದುಕೊಳ್ಳುತ್ತಾರೆ.

ಹೀಗೆ ತಂಡ ಕಟ್ಟಿ ಆಡಿಸುವವರ ಅದೇ ಲೀಗಿನಲ್ಲಿ ಅವರ ಅಣ್ಣನದೂ ಒಂದು ತಂಡ. ದೊಡ್ಡಮಾವ ಗಡಿಯಾರ ರಿಪೇರಿ ಅಂಗಡಿಯವರು, ಒಂಟಿ ಜೀವ. ಅಣ್ಣತಮ್ಮಂದಿರು ಮಾತು ಬಿಟ್ಟು ನಾಲ್ಕು ವರ್ಷ. ಚಿಕ್ಕಮಾವ ಹಿಂದಿನ ದಿನವಷ್ಟೇ ಸರ್ವಿಸ್ ಮಾಡಿದ್ದ ಲಿಫ್ಟಿನಲ್ಲಿ ದೊಡ್ಡಮಾವ ನಲವತ್ತು ನಿಮಿಷ ಸಿಕ್ಕಿಹಾಕಿಕೊಂಡಿದ್ದರು. ಹೊರಗೆ ಬಂದವರೇ ಇಡೀ ಕಟ್ಟಡದ ಜನರ ಮುಂದೆ, ಇವನಿಗೆ ಕೆಲಸವೇ ಬರುವುದಿಲ್ಲ ಎಂದುಬಿಟ್ಟರು. ವೈರು ಕಡಿದದ್ದು ಇಲಿ ಎಂದು ಆಮೇಲೆ ಗೊತ್ತಾಯಿತು, ಆದರೆ ಮಾತು ಆಡಿಯಾಗಿತ್ತು. ಅಂದಿನಿಂದ ದೊಡ್ಡಮಾವ ಯಾವ ಲಿಫ್ಟನ್ನೂ ಹತ್ತಿಲ್ಲ, ಚಿಕ್ಕಮಾವ ಅಣ್ಣನ ಮನೆಯ ಮೆಟ್ಟಿಲು ಹತ್ತಿಲ್ಲ. ಲೀಗನ್ನು ಮಾತ್ರ ಇಬ್ಬರೂ ಬಿಡಲಿಲ್ಲ. ನನಗಂತೂ ಇಬ್ಬರು ಹಟಮಾರಿಗಳ ಮೇಲೂ ಸಿಟ್ಟಿತ್ತು.

ಅಣ್ಣನ ಪಟ್ಟಿ ನೋಡಿ ನಗದಿದ್ದರೆ ಚಿಕ್ಕಮಾವನಿಗೆ ಊಟ ರುಚಿಸದು. ಮೊದಲು ಆಡುವವನು ಚುರುಕು ಕಾಲಿನವನಾಗಿರಬೇಕು. ಅವನು ಓಡಿ ಬೇಸ್, ಅಂದರೆ ಮೈದಾನದ ಮೊದಲ ಠಾಣೆ, ಸೇರಿದರೆ ತಾನೆ ನಾಲ್ಕನೆಯ ಜಾಗದ ಗಟ್ಟಿ ದಾಂಡಿಗ ಜೋರಾಗಿ ಹೊಡೆದು ಅವನ ಸುತ್ತು ಮುಗಿಸಿ ರನ್ ತಂದುಕೊಡುವುದು. ದೊಡ್ಡಮಾವ ಮೊದಲ ಜಾಗಕ್ಕೆ ಹಾಕುತ್ತಿದ್ದದ್ದು ಮಂಡಿ ಸವೆದ, ನಲವತ್ತು ವರ್ಷದ ಒಬ್ಬನನ್ನು. ಅವನಿಗೆ ನಾವಿಟ್ಟ ಹೆಸರು ತಾತ. ಮೊದಲ ದಿನದಿಂದ ತಂಡದಲ್ಲಿದ್ದಾನೆ, ಅವನನ್ನು ಕೆಳಗಿಳಿಸಲು ದೊಡ್ಡಮಾವನಿಗೆ ಮನಸ್ಸು ಬಾರದು. ಸೋತರೂ ಸರಿ, ತಾತನೇ ಮೊದಲು.

ಒಂದು ಸೋಮವಾರ ಚಿಕ್ಕಮಾವನ ತಂಡ ಅಣ್ಣನ ತಂಡದ ಕೈಯಲ್ಲಿ ಒಂಬತ್ತು-ಒಂದರಿಂದ ಮಣ್ಣುಮುಕ್ಕಿತು. ನನಗೆ ಫೋನ್ ಮಾಡಿದರು. ಅಣ್ಣನಿಗೆ ಕೊನೆಗೂ ಬುದ್ಧಿ ಬಂದಿದೆ, ತಾತನನ್ನು ಬೆಂಚಿನಲ್ಲಿ ಕೂರಿಸಿದ್ದಾನೆ, ಪಟ್ಟಿಯಲ್ಲಿ ಒಂದು ತಪ್ಪಿಲ್ಲ ಎಂದು ನಗುತ್ತ ಹೇಳುತ್ತಿದ್ದವರು ನಡುವೆ ಪಟ್ಟಿಯ ಹೆಸರುಗಳನ್ನು ಮತ್ತೊಮ್ಮೆ ಓದತೊಡಗಿದರು.

“ಇದು ಅಣ್ಣ ಹಾಕಿದ್ದಲ್ಲ ಕಣೇ,” ಎಂದರು. “ಹನ್ನೆರಡರೊಳಗೆ ಕಳಿಸದಿದ್ರೆ ಕಂಪ್ಯೂಟರೇ ಪಟ್ಟಿ ಹಾಕುತ್ತೆ. ಅವನು ಒಂದು ದಿನಾನೂ ತಪ್ಪಿಸಿದವನಲ್ಲ.”

ದೊಡ್ಡಮಾವನಿಗೆ ಫೋನ್ ಮೇಲೆ ಫೋನ್ ಮಾಡಿದೆ, ಎತ್ತಲಿಲ್ಲ. ಸೋಮವಾರ ಅಂಗಡಿಗೆ ರಜೆ, ಹುಡುಕಿಕೊಂಡು ಬರುವವರು ಯಾರೂ ಇಲ್ಲ. ನಾನು ಅವರ ಮನೆ ತಲುಪುವಷ್ಟರಲ್ಲಿ ಚಿಕ್ಕಮಾವ ತಮ್ಮ ಸಾಮಾನಿನ ಚೀಲದೊಂದಿಗೆ ಹೋಗಿ ಬಾಗಿಲ ಬೀಗ ಬಿಚ್ಚಿದ್ದರು. ದೊಡ್ಡಮಾವ ಬೆಳಗ್ಗೆ ಬಚ್ಚಲಲ್ಲಿ ಜಾರಿ ಬಿದ್ದು, ಸೊಂಟದ ಮೂಳೆ ಮುರಿದು, ಏಳಲಾಗದೆ ಅಲ್ಲೇ ಇದ್ದರು. ಅರ್ಧ ಪ್ರಜ್ಞೆ ತಪ್ಪಿತ್ತು. ನಾಳೆಯವರೆಗೆ ಹಾಗೇ ಬಿದ್ದಿದ್ದರೆ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು.

ಮರುದಿನ ಮಧ್ಯಾಹ್ನ ಆಪರೇಷನ್. ಚಿಕ್ಕಮಾವ ವಾರ್ಡಿನ ಬಾಗಿಲಲ್ಲಿ ಕಂಬದ ಹಾಗೆ ನಿಂತಿದ್ದರು. ಒಳಗೆ ಬರಲು ಹಟ ಬಿಡದು, ಹೊರಟುಹೋಗಲು ಕಾಲು ಬಾರದು. ಹನ್ನೆರಡಕ್ಕೆ ಐದು ನಿಮಿಷವಿದ್ದಾಗ ನನ್ನ ಕೈಯಿಂದ ದೊಡ್ಡಮಾವನ ಫೋನು ಕಸಿದುಕೊಂಡು, ಏನೇನೋ ಒತ್ತಿ, ಹೋಗಿ ಅವರ ಮುಖದ ಮುಂದೆ ಹಿಡಿದರು. ಅಣ್ಣನ ತಂಡದ ಪಟ್ಟಿ. ಮೊದಲ ಜಾಗದಲ್ಲಿ ತಾತ.

ದೊಡ್ಡಮಾವ ನೋಡಿದರು. ಮುಖ ಆಚೆ ತಿರುಗಿಸಿದರು, ಕಣ್ಣು ತುಂಬಿತ್ತು. ಅಷ್ಟರಲ್ಲಿ ನರ್ಸ್ ಬಂದು, ಥಿಯೇಟರ್ ನಾಲ್ಕನೇ ಮಹಡಿಯಲ್ಲಿದೆ, ಲಿಫ್ಟ್ ಬಂದಿದೆ, ಹೊರಡೋಣ ಎಂದರು. ದೊಡ್ಡಮಾವ ಮಂಚದ ಸರಳನ್ನು ಬಿಗಿಯಾಗಿ ಹಿಡಿದುಕೊಂಡರು.

“ಇವನೂ ಲಿಫ್ಟಲ್ಲಿ ನನ್ನ ಜೊತೆಗೆ ಬರ್ಲಿ ಸಿಸ್ಟರ್,” ಎಂದರು. “ನನ್ನ ತಮ್ಮ. ಕೆಲಸ ಗೊತ್ತಿರೋನು.”